ಮೇಸ್ತ್ರಿ ಕಿವಿ ಕೊಟ್ಟ ಗಾಡಿ

ಬೆಳಿಗ್ಗೆ ಎಂಟು ಗಂಟೆಗೆ ಬಾನೆಟ್ ಮೇಲೆ ಅಂಗೈ ಇಟ್ಟೆ. ಬಿಸಿಯಾಗಿತ್ತು. ಹಳೇ ಗಾಡಿ ಮಾರುವವನು ಗಿರಾಕಿ ಬರುವ ಮುಂಚೆಯೇ ಇಂಜಿನ್ ಬಿಸಿ ಮಾಡಿ ಇಟ್ಟಿದ್ದಾನೆ ಎಂದರೆ, ಅದು ತಣ್ಣಗಿರುವಾಗ ಮಾಡುವ ಸದ್ದು ನಮ್ಮ ಕಿವಿಗೆ ಬೀಳುವುದು ಅವನಿಗೆ ಬೇಕಿಲ್ಲ ಎಂದು ಅರ್ಥ. ಕಿರಂಗೂರಿನ ಹತ್ತಿರ ಸರ್ವೀಸ್ ರಸ್ತೆಗೆ ಅಂಟಿಕೊಂಡ ಆ ಯಾರ್ಡಿನಲ್ಲಿ ಮೂವತ್ತರ ಹತ್ತಿರ ಗಾಡಿಗಳು ನಿಂತಿದ್ದವು. ಎಲ್ಲದರ ಟೈರಿಗೂ ಕಪ್ಪು ಪಾಲಿಶ್, ಎಲ್ಲದರೊಳಗೂ ಮಲ್ಲಿಗೆ ಸೆಂಟು. ಮದುವೆಗೆ ಒಲ್ಲದ ಹೆಣ್ಣಿಗೆ ಸಿಂಗಾರ ಮಾಡಿ ಕೂರಿಸಿದ ಹಾಗೆ ಕೂರಿಸಿದ್ದರು.

"ಬೆಳಗ್ಗೆ ಯಾರಾದ್ರೂ ಓಡಿಸಿದ್ರಾ ಇದನ್ನ?" ಎಂದೆ.

"ಯಾರೂ ಮುಟ್ಟಿಲ್ಲ ಕಣಪ್ಪ. ಬಿಸ್ಲು ನೋಡು, ತಗಡು ಕಾಯ್ದದೆ" ಎಂದ ಯಾರ್ಡಿನ ಬ್ರೋಕರ್. ಗಾಡಿ ನಿಂತಿದ್ದು ಹುಣಸೆ ಮರದ ನೆರಳಿನಲ್ಲಿ.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದು ಕೆ.ಆರ್. ಪೇಟೆ ತಾಲ್ಲೂಕಿನ ಒಬ್ಬ ಹೆಂಗಸು. ಗೋವಿಂದನಹಳ್ಳಿಯ ಪಕ್ಕದ ಊರು. ವಯಸ್ಸು ನಲವತ್ತರ ಒಳಗೆ. ಹನ್ನೆರಡು ವರ್ಷ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಅಂಗಿಗೆ ಕಾಲರ್ ಹೊಲಿದವರು. ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿಕೊಂಡಿದ್ದರು. ಹಳ್ಳಿಗಳಿಂದ ಫ್ಯಾಕ್ಟರಿಗೆ ಹೆಣ್ಣುಮಕ್ಕಳನ್ನು ಸಾಗಿಸುವ ಬೆಳಗಿನ ಶಿಫ್ಟಿನ ರೂಟು ಖಾಲಿಯಾಗಿತ್ತು. ಒಂದನೇ ತಾರೀಖಿನೊಳಗೆ ಸ್ವಂತ ಗಾಡಿ ತಂದರೆ ರೂಟು ನಿಮಗೇ ಎಂದು ಮ್ಯಾನೇಜರ್ ಹೇಳಿದ್ದ. ಇನ್ನು ಉಳಿದಿದ್ದು ಹತ್ತು ದಿನ. ಗಾಡಿ ದಾರಿಯಲ್ಲಿ ಒಂದು ದಿನ ನಿಂತರೆ ಒಳಗಿರುವ ಎಂಟು ಜನಕ್ಕೂ ಅರ್ಧ ದಿನದ ರಜೆ ಬೀಳುತ್ತದೆ. ಎರಡನೇ ದಿನ ನಿಂತರೆ ರೂಟು ಬೇರೆಯವರ ಪಾಲು.

"ಅಣ್ಣ, ಬಣ್ಣ ಗಿಣ್ಣ ನೋಡ್ಬ್ಯಾಡಿ. ಇಂಜಿನ್ ಒಂದ್ ನೋಡಿ. ಅದು ಕೈ ಕೊಟ್ರೆ ನಾನು ಮತ್ತೆ ಕಾಲರ್ ಒಲಿಯಾಕೆ ಓಗ್ಬೇಕು" ಎಂದಿದ್ದರು. ಪಾಂಡವಪುರದ ನನ್ನ ಗ್ಯಾರೇಜಿಗೆ ಬರುವವರೆಲ್ಲ ಬಣ್ಣದ ಬಗ್ಗೆಯೇ ಕೇಳುವುದರಿಂದ ಆ ಮಾತು ನನಗೆ ಹಿಡಿಸಿತ್ತು.

ಇಂಜಿನ್ ತಣ್ಣಗಾಗುವವರೆಗೆ ಕಾಯುತ್ತೇನೆ ಎಂದೆ. ಬ್ರೋಕರ್ ನಕ್ಕ. ಯಾರೂ ಮತ್ತೆ ಸ್ಟಾರ್ಟ್ ಮಾಡದಿರಲಿ ಎಂದು ನಾನು ಬ್ಯಾಟರಿಯ ಟರ್ಮಿನಲ್ ಕಳಚಿ ಅದರ ಬೋಲ್ಟನ್ನು ಜೇಬಿಗೆ ಹಾಕಿಕೊಂಡಾಗ ನಗು ನಿಲ್ಲಿಸಿದ.

"ಏನ್ಲಾ, ಇಲ್ಲೇ ಮನೆ ಮಾಡಿಯಾ?"

"ಊಟಾನೂ ತಂದಿದ್ದೀನಿ" ಎಂದೆ.

ಕಾಯುವ ಹೊತ್ತಿನಲ್ಲಿ ಉಳಿದದ್ದನ್ನು ನೋಡಿದೆ. ಮೀಟರ್ ಒಂದು ಲಕ್ಷದ ಹದಿನೆಂಟು ಸಾವಿರ ತೋರಿಸುತ್ತಿತ್ತು. ಕ್ಲಚ್ ಪೆಡಲಿನ ರಬ್ಬರ್ ಒಂದು ಅಂಚಿನಲ್ಲಿ ಸವೆದು ಕಬ್ಬಿಣ ಕಾಣುತ್ತಿತ್ತು. ಸ್ಟೀರಿಂಗ್ ಮೇಲಿನ ಹರಳು ಹರಳು ಚರ್ಮ ನುಣ್ಣಗಾಗಿತ್ತು. ಡ್ರೈವರ್ ಕಡೆಯ ಬಾಗಿಲು ತೆರೆದರೆ ಕಂಬದ ಒಳಗೆ ಆಯಿಲ್ ಬದಲಾಯಿಸಿದ ಸ್ಟಿಕ್ಕರ್: ಎರಡು ಲಕ್ಷದ ನಲವತ್ತೊಂದು ಸಾವಿರ. ಮೀಟರ್ ತಿರುಗಿಸಿದ ಮಹಾಶಯನಿಗೆ ಬಾಗಿಲು ತೆರೆದು ನೋಡುವಷ್ಟು ಪುರುಸೊತ್ತು ಇರಲಿಲ್ಲ. ಬ್ರೋಕರನ್ನು ಕರೆದು ತೋರಿಸಿದೆ.

"ಅದು ಬ್ಯಾರೆ ಗಾಡಿ ಸ್ಟಿಕ್ಕರ್ ಕಣ್ಲಾ" ಎಂದ, ಕಣ್ಣು ಕೂಡ ಮಿಟುಕಿಸದೆ.

"ಬೇರೆ ಗಾಡಿ ಸ್ಟಿಕ್ಕರು ಈ ಗಾಡಿಗೆ ನಡ್ಕೊಂಡು ಬಂತಾ?"

ಆ ಹೆಂಗಸಿಗೆ ನಾನು ಒಂದು ಮಾತು ಹೇಳಿದೆ. ಹೆಚ್ಚು ಓಡಿದೆ ಎನ್ನುವುದೇ ದೋಷವಲ್ಲ. ಹೊತ್ತು ಹೊತ್ತಿಗೆ ಆಯಿಲ್ ಕಂಡ ಇಂಜಿನ್ ಎರಡೂವರೆ ಲಕ್ಷದ ಮೇಲೂ ಸಲೀಸಾಗಿ ಓಡುತ್ತದೆ. ಓಡಿದ್ದನ್ನು ಮುಚ್ಚಿಟ್ಟವರು ಬೇರೆ ಏನನ್ನು ಮುಚ್ಚಿಟ್ಟಿದ್ದಾರೆ ಎನ್ನುವುದನ್ನು ಹುಡುಕಬೇಕು, ಅಷ್ಟೇ. ಅವರು ತಲೆಯಾಡಿಸಿ ನನ್ನ ಪಕ್ಕದಲ್ಲೇ ನಿಂತರು. ಇಡೀ ದಿನ ಹಾಗೆಯೇ ನಿಂತಿದ್ದರು. ಬ್ರೋಕರ್ ಎರಡು ಸಲ "ಕೂತ್ಕವ್ವ, ಗಂಡಸರ ಕೆಲ್ಸ ಇದು" ಎಂದ. ಕೂರಲಿಲ್ಲ.

ಆಯಿಲ್ ಕಡ್ಡಿ ಎಳೆದೆ. ಡೀಸೆಲ್ ಇಂಜಿನ್ನಿನ ಆಯಿಲ್ ಒಂದು ದಿನ ಓಡಿದರೂ ಕಪ್ಪಾಗುತ್ತದೆ. ಇದು ಜೇನಿನ ಬಣ್ಣದಲ್ಲಿತ್ತು. ಬೆರಳಿಗೆ ತೆಗೆದುಕೊಂಡು ಎಳೆದರೆ ನೂಲು ಬಂತು. ಸವೆದ ಇಂಜಿನ್ನಿನ ಬಡಿತ ಅಡಗಿಸುವುದಕ್ಕೆ ಮಂದ ಮಾಡುವ ಔಷಧಿ ಬೆರೆಸಿದ್ದರು. ರೇಡಿಯೇಟರ್ ಮುಚ್ಚಳ ತೆಗೆದರೆ ಒಳಗೆ ಹಳದಿ ಗಷ್ಟು. ಮೂಸಿದೆ. ಅರಿಸಿನ. ಸೋರುವ ರೇಡಿಯೇಟರಿಗೆ ಅರಿಸಿನ ಪುಡಿ ಸುರಿದರೆ ತೂತು ಸ್ವಲ್ಪ ದಿನ ಕಟ್ಟಿಕೊಳ್ಳುತ್ತದೆ. ನಮ್ಮ ಕಡೆ ಹಳಬರು ಮಾಡುತ್ತಿದ್ದ ಕೈಚಳಕ. ಆ ಹೆಂಗಸು ಬಗ್ಗಿ ನೋಡಿ, "ಸಾರು ಮಾಡವ್ರೆ" ಎಂದರು. ಅವತ್ತು ನಾನು ನಕ್ಕಿದ್ದು ಆಗ ಒಂದು ಸಲ.

ಹನ್ನೆರಡೂವರೆಗೆ ಇಂಜಿನ್ ತಣ್ಣಗಾಯಿತು. ಟರ್ಮಿನಲ್ ಬಿಗಿದು ಸ್ಟಾರ್ಟ್ ಮಾಡಿದೆ. ಮೂರು ಸಲ ಬರೀ ತಿರುಗಿತು. ನಾಲ್ಕನೆಯ ಸಲ ಹತ್ತಿಕೊಂಡು ಇಡೀ ಮೈ ಅದುರಿತು. ಹಿಂದಿನಿಂದ ನೀಲಿ ಹೊಗೆ ಎದ್ದು ಪಕ್ಕದ ಗಾಡಿಯನ್ನು ಮುಚ್ಚಿತು. ಅಡಿಯಿಂದ ಟಕಟಕ ಬಡಿತ. ಅರ್ಧ ನಿಮಿಷ ಬಡಿದು ಸಣ್ಣಗಾಯಿತು. ಆಯಿಲ್ ಹಾಕುವ ಬಾಯಿಯ ಮುಚ್ಚಳ ತಿರುಗಿಸಿ, ತೆಗೆದು, ಮಗುಚಿ ಅದೇ ಬಾಯಿಯ ಮೇಲೆ ಸುಮ್ಮನೆ ಇಟ್ಟೆ. ಒಳಗೆ ಪಿಸ್ಟನ್ ರಿಂಗುಗಳು ಗಟ್ಟಿಯಿದ್ದರೆ ಮುಚ್ಚಳ ಸ್ವಲ್ಪ ನಡುಗಿ ಅಲ್ಲೇ ಕೂತಿರುತ್ತದೆ. ಇದು ಕುಣಿದು ಕೆಳಗೆ ಬಿತ್ತು. ಬಾಯಿಯಿಂದ ಹೊಗೆ ಬುಸ್ ಬುಸ್ ಎಂದು ಬಂತು.

"ವಯಸ್ಸಾದ್ಮೇಲೆ ಎಲ್ಲಾ ಇಂಜಿನ್ನೂ ಉಸ್ರು ಬುಡ್ತದೆ" ಎಂದ ಬ್ರೋಕರ್.

ಕಂಪ್ರೆಷನ್ ನೋಡಬೇಕು ಎಂದೆ. ಅದಕ್ಕೆ ನಾಲ್ಕು ಹೀಟರ್ ಪ್ಲಗ್‌ಗಳನ್ನೂ ಬಿಚ್ಚಿ, ಆ ತೂತಿಗೆ ಗೇಜ್ ತಿರುಗಿಸಿ, ಇಂಜಿನ್ ಹತ್ತಿಕೊಳ್ಳದಂತೆ ಡೀಸೆಲ್ ಕಟ್ ಮಾಡಿ ಬರೀ ಸೆಲ್ಫ್ ಹೊಡೆಯಬೇಕು. ಒಂದೊಂದು ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಎನ್ನುವುದು ಮುಳ್ಳಿನ ಮೇಲೆ ಕಾಣುತ್ತದೆ. ಆಯಿಲಿಗೆ ಔಷಧಿ ಬೆರೆಸಿ ಮುಳ್ಳನ್ನು ಹೆಚ್ಚು ಹೊತ್ತು ಏಮಾರಿಸಲು ಬರುವುದಿಲ್ಲ.

"ಪ್ಲಗ್ ಒಳಗೇ ಮುರಿದ್ರೆ ಹೆಡ್ ಇಳಿಸ್ಬೇಕು. ನೀನೇ ಕಟ್ಟಿಕೊಡ್ತೀಯಾ?" ಎಂದ.

"ಕಟ್ಟಿಕೊಡ್ತೀನಿ" ಎಂದೆ.

ಒಂದು, ಎರಡು, ನಾಲ್ಕು ಸರಾಗವಾಗಿ ಬಂದವು. ಮೂರನೆಯದು ಕಚ್ಚಿಕೊಂಡಿತ್ತು. ತುಕ್ಕು ಬಿಡಿಸುವ ಎಣ್ಣೆ ಹೊಡೆದು ಅರ್ಧ ಗಂಟೆ ಬಿಟ್ಟೆ. ಸ್ಪ್ಯಾನರ್ ಹಾಕಿ ಕೂದಲೆಳೆಯಷ್ಟು ಬಿಚ್ಚುವ ಕಡೆಗೆ, ಮತ್ತೆ ಬಿಗಿಯುವ ಕಡೆಗೆ, ಮತ್ತೆ ಬಿಚ್ಚುವ ಕಡೆಗೆ. ಕಬ್ಬಿಣ ತಿರುಗುವುದಕ್ಕೂ ಮುರಿಯುವುದಕ್ಕೂ ಕೈಗೆ ಸಿಗುವ ವ್ಯತ್ಯಾಸ ಬಹಳ ಕಡಿಮೆ. ನಲವತ್ತು ನಿಮಿಷದ ಮೇಲೆ ಅದು ಕಿರ್ ಎಂದು ಸದ್ದು ಮಾಡಿ ಹೊರಗೆ ಬಂತು. ತುದಿ ಪೂರಾ ಆಯಿಲ್ ಕರಕಲು.

ಗೇಜಿನ ಮುಳ್ಳು ಒಂದರಲ್ಲಿ ಇಪ್ಪತ್ತೆಂಟಕ್ಕೆ ಹೋಯಿತು. ಎರಡರಲ್ಲಿ ಇಪ್ಪತ್ತೇಳು, ನಾಲ್ಕರಲ್ಲಿ ಇಪ್ಪತ್ತಾರು. ಮೂರರಲ್ಲಿ ಹದಿನೇಳು. ಮೂರನೆಯ ತೂತಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದೆ. ಇಪ್ಪತ್ತಮೂರು. ಆಯಿಲ್ ಬಿಟ್ಟ ಕೂಡಲೇ ಒತ್ತಡ ಏರಿತು ಎಂದರೆ ವಾಲ್ವಿನ ತಪ್ಪಲ್ಲ. ರಿಂಗೂ ಸಿಲಿಂಡರಿನ ಲೈನರೂ ಸವೆದುಹೋಗಿವೆ. ಒಂದು ರಟ್ಟಿನ ಚೂರಿನ ಮೇಲೆ ಎಲ್ಲವನ್ನೂ ಬರೆದು ಅವರ ಕೈಗೆ ಕೊಟ್ಟೆ.

"ಇದ್ರ ಅರ್ಥ ಏನಣ್ಣ?"

"ಮೂರನೇದು ಸಾಯ್ತಾ ಇದೆ. ಎಂಟು ಜನ ಕೂರಿಸ್ಕೊಂಡು ದಿನಾ ಕೆ.ಆರ್. ಪೇಟೆ ದಾರಿ ಓಡ್ಸಿದ್ರೆ ಎರಡು ತಿಂಗಳಲ್ಲಿ ಇಂಜಿನ್ ಕೆಳಗಿಳಿಸ್ಬೇಕು."

ಅವರು "ಸರಿ ಅಣ್ಣ" ಎಂದು ರಟ್ಟನ್ನು ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡರು. ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಬ್ರೋಕರಿಗೆ ಮುಗಿದಿರಲಿಲ್ಲ. ಹೊತ್ತು ಮಧ್ಯಾಹ್ನ ಮೂರಾಗಿತ್ತು, ಬೇರೆ ಗಾಡಿ ನೋಡಲು ಬಂದಿದ್ದ ಹತ್ತು ಹದಿನೈದು ಜನ ನಮ್ಮ ಸುತ್ತ ಸೇರಿದ್ದರು. ಅವರೆದುರು ಒಂದು ಗಾಡಿ ಬಿದ್ದರೆ ಉಳಿದ ಇಪ್ಪತ್ತೊಂಬತ್ತೂ ಬೀಳುತ್ತವೆ.

"ಗೇಜು ಗೀಜು ಎಲ್ಲಾ ಅಂಗಿರ್ಲಿ. ಮೇಸ್ತ್ರಿ ಕಿವಿ ಕೊಡ್ಲಿ. ಅವ್ರು ಬ್ಯಾಡ ಅಂದ್ರೆ ನಾನೇ ಈ ಗಾಡೀನ ಗುಜರಿಗೆ ಆಕ್ತೀನಿ" ಎಂದು ಜೋರಾಗಿ ಹೇಳಿದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಹಳೇ ಗಾಡಿ ಕೊಳ್ಳುವವರು "ಕಿವಿ ಕೊಡಿಸಿದ್ದೀರಾ?" ಎಂದು ಕೇಳುವುದು ವಾಡಿಕೆ. ಗಂಜಾಂನ ಒಬ್ಬ ಹಳೇ ಮೇಸ್ತ್ರಿ ಎರಡಡಿ ಉದ್ದದ ಉಕ್ಕಿನ ಕಂಬಿಯ ಒಂದು ತುದಿಯನ್ನು ಓಡುವ ಇಂಜಿನ್ನಿಗೆ, ಇನ್ನೊಂದು ತುದಿಯ ಮರದ ಗುಂಡು ಗುಬುಟನ್ನು ಕಿವಿಯ ಮೂಳೆಗೆ ಇಟ್ಟು, ಕಣ್ಣು ಮುಚ್ಚಿ, ಒಳಗಿನ ರೋಗ ಹೇಳುತ್ತಿದ್ದರು. ಒಪ್ಪಿದರೆ ಅವರ ಕೈಗೆ ವೀಳ್ಯ ಕೊಟ್ಟು ಅವರಿಂದಲೇ ಚಕ್ರಕ್ಕೆ ಕಾಯಿ ಒಡೆಸುವುದು. ಆ ಕಾಯಿ ಒಡೆಯದೆ ಗಾಡಿ ಯಾರ್ಡು ದಾಟುತ್ತಿರಲಿಲ್ಲ. ಆರೇಳು ವರ್ಷದಿಂದ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಅವರ ಬೆಲೆ ಏರಿತು. ಮನುಷ್ಯರ ಗಲಾಟೆ ಕೇಳಿಸದ ಮೇಲೆ ಕಂಬಿಯಿಂದ ಇಂಜಿನ್ನಿನ ಮಾತು ಇನ್ನೂ ಸ್ಪಷ್ಟವಾಗಿ ಮೂಳೆಗೇ ಇಳಿಯುತ್ತದೆ ಎಂದು ಜನ ನಂಬಿದರು. ನಗಬೇಡಿ. ನಾನೂ ನಂಬಿದ್ದೆ.

ನಾನು ಕೆಲಸ ಕಲಿತಿದ್ದು ಅವರ ಶೆಡ್ಡಿನಲ್ಲಿ. ಒಂದು ಸಲ ಬೇರಿಂಗ್ ಸದ್ದನ್ನು ಟ್ಯಾಪೆಟ್ ಸದ್ದು ಎಂದುಬಿಟ್ಟೆ. ಅವರು ನನ್ನ ಕತ್ತು ಹಿಡಿದು ಕಿವಿಯನ್ನು ಇಂಜಿನ್ನಿನ ತಲೆಯ ಮೇಲಿನ ಕಾದ ಟ್ಯಾಪೆಟ್ ಕವರಿಗೆ ಒತ್ತಿದರು. "ಈಗ ಕೇಳುಸ್ತೇನ್ಲಾ?" ಎಂದರು. ನನ್ನ ಎಡಗಿವಿಯ ಹಾಲೆ ಇವತ್ತಿಗೂ ನೆಟ್ಟಗಿಲ್ಲ. ಅವರ ಮೇಲೆ ನನಗಿದ್ದದ್ದು ಭಕ್ತಿಯೋ ದ್ವೇಷವೋ ಎಂದು ಕೇಳಿದರೆ ಎರಡೂ ಎನ್ನುತ್ತೇನೆ. ಬೇರಿಂಗ್ ಸದ್ದನ್ನು ಮಾತ್ರ ಮತ್ತೆ ಎಂದೂ ತಪ್ಪಾಗಿ ಹೇಳಿಲ್ಲ.

ಮೇಸ್ತ್ರಿ ಯಾರ್ಡಿನ ಆಫೀಸಿನಲ್ಲೇ ಫ್ಯಾನಿನ ಕೆಳಗೆ ಕೂತಿದ್ದರಂತೆ. ಬ್ರೋಕರ್ ಅವರಿಗೆ ದಿನಾ ಒಂದು ಕುರ್ಚಿ, ಎರಡು ಹೊತ್ತು ಕಾಫಿ ಕೊಟ್ಟು ಕೂರಿಸಿಕೊಂಡಿದ್ದ. ಬಿಳಿ ಪಂಚೆ, ಹೆಗಲ ಮೇಲೆ ಟವಲು, ಕೈಯಲ್ಲಿ ಕಂಬಿ. ನನ್ನನ್ನು ಕಂಡು ಮುಖ ಅರಳಿತು.

"ಬಂದ್ಯೇನ್ಲಾ! ಬಡವಾಗ್ಬುಟ್ಟಿದ್ದೀಯಲ್ಲೋ" ಎಂದರು, ಕಿವುಡರು ಮಾತಾಡುವ ಎತ್ತರದ ದನಿಯಲ್ಲಿ. ನಾನು ಪ್ಲಗ್‌ಗಳನ್ನು ಕೂರಿಸಿ, ಡೀಸೆಲ್ ಬಿಟ್ಟು, ಇಂಜಿನ್ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಓಡಲು ಬಿಟ್ಟೆ.

ಮೇಸ್ತ್ರಿ ಮೊದಲು ಪೂರ್ವಕ್ಕೆ ತಿರುಗಿ ಕಣ್ಣು ಮುಚ್ಚಿ ಕಂಬಿಯನ್ನು ಹಣೆಗೆ ಒತ್ತಿಕೊಂಡರು. ಕಣ್ಣು ಮುಚ್ಚಿದ ಮೇಲೆ ಕೇಳಿ ಮುಗಿಸುವ ತನಕ ಅವರು ತೆರೆಯುವುದಿಲ್ಲ. ಅದು ಅವರ ಪದ್ಧತಿ. ಹಾಗೇ ತಿರುಗಿ, ಎಡಗೈಯಿಂದ ತಡವುತ್ತಾ, ಕಂಬಿಯ ತುದಿಯನ್ನು ಇಂಜಿನ್ ಮೇಲೆ ಇಟ್ಟರು. ಎರಡು ನಿಮಿಷ ಕೇಳಿದರು. ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಸುಟ್ಟ ವಾಸನೆ ಬಂತು. ಮೊದಲು ಬೆಲ್ಟ್ ಇರಬೇಕು ಅಂದುಕೊಂಡೆ. ಆಮೇಲೆ ನೋಡಿದರೆ ಅವರ ಎಡಗೈಯ ಕಿರುಬೆರಳಿನ ಅಂಚು ಟರ್ಬೋ ಪೈಪಿನ ಮೇಲೆ ಇತ್ತು. ಚರ್ಮ ಬೆಳ್ಳಗಾಗುತ್ತಿತ್ತು. ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ನಾನೇ ಅವರ ಕೈಯನ್ನು ಎತ್ತಿ ಪಕ್ಕಕ್ಕೆ ಇಟ್ಟೆ. ಅವರಿಗೆ ಸಕ್ಕರೆ ಕಾಯಿಲೆ ಇದ್ದದ್ದು ಗೊತ್ತಿತ್ತು, ಕೈ ಇಷ್ಟು ಸತ್ತಿರುವುದು ಗೊತ್ತಿರಲಿಲ್ಲ.

ಕಿವಿ ಕೇಳುವುದಿಲ್ಲ. ಕೈಗೆ ಬಿಸಿಯೇ ತಿಳಿಯುವುದಿಲ್ಲ ಎಂದ ಮೇಲೆ ಅದುರು ತಿಳಿಯುತ್ತದೆಯೇ? ಕಂಬಿಯಿಂದ ಈ ಮನುಷ್ಯನಿಗೆ ಏನೂ ಬರುತ್ತಿಲ್ಲ. ಏನೂ ಅಂದರೆ ಏನೂ ಇಲ್ಲ.

ಮೇಸ್ತ್ರಿ ಕಣ್ಣು ತೆರೆದು, "ಗಡಿಯಾರ ಇದ್ದಂಗದೆ ಕಣವ್ವ. ಕಣ್ಣು ಮುಚ್ಕಂಡು ತಕ" ಎಂದು ಆ ಹೆಂಗಸಿಗೆ ಹೇಳಿದರು. ಗುಂಪಿನಲ್ಲಿ ಒಬ್ಬ, "ಇನ್ನೇನ್ ಬೇಕವ್ವ ನಿಂಗೆ?" ಎಂದ. ಇನ್ನೊಬ್ಬ ನನ್ನ ಗೇಜನ್ನು ಎತ್ತಿ ನೋಡಿ, "ಇದು ಟೈರ್ ಗಾಳಿ ನೋಡೋದಲ್ವಾ?" ಎಂದು ನಗಿಸಿದ. ಬ್ರೋಕರ್ ಆಗಲೇ ಕಾಯಿ ತರಲು ಹೇಳಿದ್ದ.

ಆ ಹೆಂಗಸು ನನ್ನ ಮುಖ ನೋಡಿದರು. ಇವರು ಅನುಮಾನಕ್ಕೆ ಬಿದ್ದರು, ಇನ್ನೊಂದು ಗಳಿಗೆಯಲ್ಲಿ ವೀಳ್ಯ ಕೊಟ್ಟುಬಿಡುತ್ತಾರೆ ಎಂದು ನಾನು ತೀರ್ಮಾನಿಸಿದೆ. ಬೆಳಗಿನಿಂದ ನನ್ನ ಅಂಗಿ ಮೈಗೆ ಅಂಟಿಕೊಂಡಿತ್ತು. ನಲವತ್ತು ನಿಮಿಷ ಒಂದು ಪ್ಲಗ್ಗಿನ ಜೊತೆ ಗುದ್ದಾಡಿದವನು ನಾನು. ಎರಡು ನಿಮಿಷ ನಾಟಕ ಮಾಡಿದವರ ಮಾತು ನಡೆಯುತ್ತಿತ್ತು. ಇದಕ್ಕಿಂತ ಒಳ್ಳೆಯ ಕಾರಣ ನನ್ನಲ್ಲಿ ಇತ್ತು ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಇರಲಿಲ್ಲ.

ಮೇಸ್ತ್ರಿಯ ಮುಂದೆ ನಿಂತು ಮೂರು ಬೆರಳು ತೋರಿಸಿದೆ. ಕಿವಿ ಮುಟ್ಟಿಕೊಂಡು, ಇನ್ನೊಂದು ಸಲ ಎಂದು ಸನ್ನೆ ಮಾಡಿದೆ.

"ಮೂರನೇ ಸಿಲಿಂಡ್ರಾ? ನಿಂಗೆ ಅನ್ಮಾನ್ವಾ? ಆಗ್ಲಿ, ಕೇಳಾನ" ಎಂದು ನಕ್ಕರು. ಶಿಷ್ಯ ಕೇಳಿದ್ದು ಅವರಿಗೆ ಸಂತೋಷವಾಗಿತ್ತು. ಮತ್ತೆ ಪೂರ್ವಕ್ಕೆ ತಿರುಗಿದರು, ಕಣ್ಣು ಮುಚ್ಚಿದರು, ಕಂಬಿಯನ್ನು ಹಣೆಗೆ ಒತ್ತಿಕೊಂಡರು. ನಾನು ಡ್ರೈವರ್ ಬಾಗಿಲಿಂದ ಕೈ ಹಾಕಿ ಕೀ ತಿರುಗಿಸಿದೆ. ಇಂಜಿನ್ ಒಂದು ಸಲ ಕೊಡವಿಕೊಂಡು ನಿಂತಿತು. ಕೀ ನನ್ನ ಕೈಗೆ ಬಂತು.

ಮೇಸ್ತ್ರಿ ತಿರುಗಿದರು. ಎಡಗೈಯಿಂದ ತಡವಿ, ಕಂಬಿಯನ್ನು ಮೂರನೆಯ ಸಿಲಿಂಡರ್ ಇರುವ ಕಡೆಗೇ ಸರಿಯಾಗಿ ಇಟ್ಟರು. ಜಾಗ ತಪ್ಪಲಿಲ್ಲ. ಗುಬುಟನ್ನು ಕಿವಿಯ ಹಿಂದೆ ಇಟ್ಟುಕೊಂಡು ಕೇಳತೊಡಗಿದರು. ಹೈವೇ ಮೇಲೆ ಬಸ್ಸು ಹೋದದ್ದು ಎಲ್ಲರಿಗೂ ಕೇಳಿಸಿತು. ಗುಂಪಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮೊದಲು ಅರ್ಥವಾದದ್ದು ಬ್ರೋಕರಿಗೆ.

"ಮೇಸ್ತ್ರಿ! ಆಫಾಗದೆ! ಮೇಸ್ತ್ರಿ, ಆಫಾಗದೆ!" ಎಂದು ಕಿರುಚಿದ.

ಮೇಸ್ತ್ರಿ ತಲೆಯನ್ನು ನಿಧಾನವಾಗಿ ಆಡಿಸುತ್ತಾ ಕೇಳುತ್ತಲೇ ಇದ್ದರು. ಬ್ರೋಕರ್ ಅವರನ್ನು ಮುಟ್ಟಲು ಬಂದ. ನಾನು ಅವನ ಎದೆಗೆ ಕೈ ಅಡ್ಡ ಇಟ್ಟೆ. ಪೂರಾ ಕೇಳಲಿ ಎಂದು ನನಗೆ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಅವತ್ತು ಅಷ್ಟು ಹೊತ್ತು ನನಗೆ ಖುಷಿಯಾಗಿತ್ತು. ಕಂಬಿಯನ್ನು ಸ್ವಲ್ಪ ಸರಿಸಿ ಇನ್ನೊಂದು ಕಡೆ ಇಟ್ಟರು. ತುಟಿ ಮುಂದೆ ಮಾಡಿ, ಅಳೆದು ತೂಗುವವರ ಹಾಗೆ ಮುಖ ಮಾಡಿದರು. ಆಮೇಲೆ ಕಣ್ಣು ಬಿಟ್ಟರು.

"ಮೂರ್ನೇದು ಸಣ್ಣಗೆ ಒಂಚೂರು ಗೊರಗುಟ್ತದೆ. ಅಷ್ಟೇ. ಇನ್ನೊಂದು ಲಕ್ಷ ಓಡ್ತದೆ ಕಣ್ಲಾ" ಎಂದರು.

ಗುಂಪು ನಕ್ಕಿತು. ಒಬ್ಬ ತೊಡೆ ಬಡಿದುಕೊಂಡು ನಕ್ಕ. ಎಲ್ಲರೂ ನಗುವುದನ್ನು ನೋಡಿ, ವ್ಯಾಪಾರ ಕುದುರಿತು ಎಂದುಕೊಂಡು, ಮೇಸ್ತ್ರಿಯೂ ನಕ್ಕರು. ನಗುತ್ತಲೇ ಕಾಯಿಗೆ ಕೈ ಚಾಚಿದರು. ಯಾರೂ ಕಾಯಿ ಕೊಡಲಿಲ್ಲ. ಆಗ ಅವರ ಕಣ್ಣು ಬೆಲ್ಟಿನ ಮೇಲೆ ಬಿತ್ತು. ಬೆಲ್ಟ್ ನಿಂತಿತ್ತು. ಆಮೇಲೆ ನನ್ನ ಕೈಯ ಮೇಲೆ ಬಿತ್ತು.

"ಈಗ ಆಫ್ ಮಾಡ್ದೇನ್ಲಾ?" ಎಂದರು.

ಕೀ ನನ್ನ ಕೈಯಲ್ಲೇ ಇತ್ತು.

"ಈಗ ತಾನೆ ಅಲ್ವೇನ್ಲಾ, ಆಫ್ ಮಾಡಿದ್ದು?"

ದನಿ ಅದೇ ಎತ್ತರದಲ್ಲಿತ್ತು. ಅದನ್ನು ತಗ್ಗಿಸುವುದು ಅವರಿಗೆ ಬರುತ್ತಿರಲಿಲ್ಲ. ಅವರು ಕೇಳುತ್ತಿದ್ದುದು ಏನು ಎಂದು ನನಗೆ ಚೆನ್ನಾಗಿ ಗೊತ್ತಾಯಿತು: ತಾನು ಕೇಳಿ ಮುಗಿಸಿದ ಮೇಲೆ ಆಫ್ ಮಾಡಿದೆ ಎನ್ನು ಎಂದು. ನಾನು ಹೌದು ಎಂದು ತಲೆಯಾಡಿಸಿದರೆ ಸಾಕಿತ್ತು. ಗುಂಪು ನಂಬುತ್ತಿರಲಿಲ್ಲ, ಆದರೆ ಅವರು ನಂಬಿಕೊಂಡು ಮನೆಗೆ ಹೋಗುತ್ತಿದ್ದರು. ನಾನು ಇಲ್ಲ ಎಂದು ತಲೆಯಾಡಿಸಿದೆ. ಅಷ್ಟಕ್ಕೇ ಬಿಡಲಿಲ್ಲ. ಆಗಲೇ ಆಫ್ ಮಾಡಿದ್ದೆ ಎನ್ನುವಂತೆ, ಅವರು ಪೂರ್ವಕ್ಕೆ ತಿರುಗಿ ನಿಂತಿದ್ದ ಜಾಗವನ್ನು ಕೀಯಿಂದ ತೋರಿಸಿದೆ.

ಮೇಸ್ತ್ರಿ ಆ ಜಾಗವನ್ನು ನೋಡಿದರು. ಕಂಬಿಯ ತುದಿಯನ್ನು ಟವಲಿನಿಂದ ಒರೆಸಿದರು, ಎಂದಿನ ಅಭ್ಯಾಸ. "ನನ್ ಚಪ್ಲಿ ಎಲ್ಲವೆ?" ಎಂದು ಬ್ರೋಕರನ್ನು ಕೇಳಿದರು. ಅವನು ಉತ್ತರ ಕೊಡದೆ ಮುಖ ತಿರುಗಿಸಿ, ಕಾಯಿಯನ್ನು ಆಫೀಸಿನೊಳಕ್ಕೆ ಎಸೆದ. ಬೆಳಗಿನ ಕಾಫಿ ಕೊಟ್ಟ ಮನುಷ್ಯನೇ ಅವನು. ಮೇಸ್ತ್ರಿ ತಾವೇ ಹುಡುಕಿ ಚಪ್ಪಲಿ ಮೆಟ್ಟಿಕೊಂಡು ಗೇಟಿನ ಕಡೆ ನಡೆದರು.

ಗೇಟಿನ ಆಚೆ ಸರ್ವೀಸ್ ರಸ್ತೆ. ಎರಡೂ ಕಡೆಯಿಂದ ಗಾಡಿ ನುಗ್ಗುವ ಜಾಗ. ಹಿಂದಿನಿಂದ ಬರುವ ಲಾರಿ ಅವರಿಗೆ ಕೇಳಿಸುವುದಿಲ್ಲ ಎನ್ನುವುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ನಾವು ಇನ್ನೂ ಆ ಗಾಡಿಯ ಸುತ್ತಲೇ ನಿಂತಿದ್ದೆವು. ಆ ಹೆಂಗಸು ಬ್ಯಾಗನ್ನು ಎದೆಗೆ ಅವುಚಿಕೊಂಡು ಓಡಿಹೋಗಿ ಅವರ ಮೊಣಕೈ ಹಿಡಿದುಕೊಂಡರು. ಲಾರಿಯೊಂದು ಹಾರ್ನ್ ಹೊಡೆದು ಸರಿದು ಹೋಯಿತು. ರಸ್ತೆ ದಾಟಿಸಿ, ಶ್ರೀರಂಗಪಟ್ಟಣದ ಕಡೆ ಹೋಗುವ ಆಟೋ ನಿಲ್ಲಿಸಿ, ಅವರನ್ನು ಕೂರಿಸಿ, ಬೊಬ್ಬೆ ಬಂದಿದ್ದ ಬೆರಳಿಗೆ ತಮ್ಮ ಕರ್ಚೀಫ್ ಸುತ್ತಿ ವಾಪಸ್ ಬಂದರು.

ನಾವು ನನ್ನ ಗಾಡಿಯಲ್ಲಿ ಪಾಂಡವಪುರಕ್ಕೆ ಹೊರಟೆವು. ದಾರಿಯಲ್ಲಿ ನಾನೇ ಮಾತು ತೆಗೆದೆ. ನಾನು ಹಾಗೆ ಮಾಡದಿದ್ದರೆ ನೀವು ಆ ಗಾಡಿ ತಗೊಂಡು ಮುಳುಗುತ್ತಿದ್ದಿರಿ ಎಂದೆ.

"ನಾನ್ಯಾಕೆ ತಕೊತಿದ್ದೆ? ನೀವು ಬರ್ದುಕೊಟ್ಟಿದ್ದು ಬ್ಯಾಗಲ್ಲಿತ್ತಲ್ಲ."

"ಮತ್ತೆ ಮೇಸ್ತ್ರಿ ಹೇಳಿದ್ ಮೇಲೆ ನನ್ ಮುಖ ನೋಡಿದ್ರಲ್ಲ?"

"ಓಗಾನ ನಡೀರಿ ಅಂತ ನೋಡ್ದೆ" ಎಂದರು. ಪಾಂಡವಪುರ ಬಸ್ ಸ್ಟ್ಯಾಂಡಿನ ಹತ್ತಿರ ಇಳಿಯುವಾಗ ಬಾಗಿಲು ಹಿಡಿದುಕೊಂಡು ಒಂದು ಗಳಿಗೆ ನಿಂತರು. "ಈಗ ತಾನೆ ಅಲ್ವಾ ಅಂತ ಎರಡ್ ಸಲ ಕೇಳಿದ್ರಣ್ಣ ಅವ್ರು. ಊಂ ಅಂದಿದ್ರೆ ನಿಮ್ಗೇನೋಗ್ತಿತ್ತು?"

ಬಾಗಿಲು ಹಾಕಿ ಬಸ್ಸಿನ ಕಡೆ ನಡೆದರು.

ಆ ಯಾರ್ಡಿನ ಸುದ್ದಿ ಎರಡೇ ದಿನಕ್ಕೆ ನಾಲ್ಕೂ ತಾಲ್ಲೂಕು ಸುತ್ತಿತು. ಸಂತೆಯಲ್ಲಿ, ಟೀ ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಜನ ಕಣ್ಣು ಮುಚ್ಚಿ ಕೋಲನ್ನು ಕಿವಿಗೆ ಇಟ್ಟುಕೊಂಡು ಅಣಕ ಮಾಡಿ ನಗುತ್ತಿದ್ದರು. ನನ್ನ ಗ್ಯಾರೇಜಿಗೆ ಬರುವ ಗಾಡಿಗಳು ಹೆಚ್ಚಿದವು. ಈಗ ಜನ "ಗೇಜ್ ಹಾಕಿಸಿದ್ದೀರಾ?" ಎಂದು ಕೇಳುತ್ತಾರೆ. ಕೆಲವರು ಬರುವಾಗ ಕಾಯಿಯನ್ನೂ ತರುತ್ತಾರೆ, ನಾನು ಒಡೆಯಲಿ ಎಂದು. ಮೇಸ್ತ್ರಿ ಗಂಜಾಂನ ಮನೆ ಬಿಟ್ಟು ಆಚೆ ಬರುತ್ತಿಲ್ಲ ಎಂದು ಯಾರೋ ಹೇಳಿದರು. ನೋಡಿಕೊಂಡು ಬರೋಣ ಎಂದು ಎರಡು ಸಲ ಹೊರಟು ಕಾವೇರಿ ಸೇತುವೆ ತನಕ ಹೋಗಿ ವಾಪಸ್ ಬಂದೆ.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಪಾಂಡವಪುರದ ಬಂಕಿನಲ್ಲಿ ಆ ಹೆಂಗಸು ಸಿಕ್ಕರು. ಬಿಳಿ ಗಾಡಿ, ಹಿಂದೆ ಶಿಫ್ಟ್ ಮುಗಿಸಿದ ಹೆಣ್ಣುಮಕ್ಕಳು ತುಂಬಿದ್ದರು. ಡೀಸೆಲ್ ಹಾಕಿಸುತ್ತಿದ್ದರು. ನನ್ನನ್ನು ಕಂಡು ಗಾಜು ಇಳಿಸಿದರು.

"ಎಲ್ಲಿ ಸಿಕ್ತು?" ಎಂದೆ.

"ನಾಗಮಂಗಲದಲ್ಲಿ. ಎರಡು ಲಕ್ಷ ಓಡದೆ. ಮೀಟರ್ ತಿರುಗ್ಸಿಲ್ಲ, ಅವ್ರೇ ಯೋಳುದ್ರು."

"ಯಾರು ನೋಡಿದ್ರು ಇಂಜಿನ್?"

"ನಾನೇ ನೋಡ್ದೆ. ಅವತ್ತು ನೀವು ಮಾಡಿದ್ದೆಲ್ಲ ನೋಡ್ಕಂಡಿದ್ನಲ್ಲ. ಬೆಳಗ್ಗೆ ಆರಕ್ಕೇ ಓಗಿ ಬಾನೆಟ್ ಮುಟ್ಟುದೆ, ತಣ್ಗಿತ್ತು. ಒಂದೇ ಸೆಲ್ಫಿಗೆ ಅತ್ಕತು. ಮುಚ್ಚಳ ಮಗುಚಿಟ್ಟೆ, ಬೀಳ್ನಿಲ್ಲ."

"ಕಂಪ್ರೆಷನ್?"

"ಅದು ನಂಗೆ ಬರಕಿಲ್ಲ. ಅದ್ಕೇ ಗಂಜಾಂಗೆ ಓಗಿದ್ದೆ, ಮೇಸ್ತ್ರಿ ತಾವ. ಕಿವಿ ಕೊಡಿ ಅನ್ನಾಕಲ್ಲ. ಯಾರ ಕೈಲಿ ತೋರ್ಸಲಿ ಅಂತ ಚೀಟೀಲಿ ಬರ್ದು ಕೇಳ್ದೆ."

ಬಂಕಿನವನು ಪೈಪು ತೆಗೆದು ಮುಚ್ಚಳ ಹಾಕಿದ. ನಾನು ಗಾಜಿನ ಅಂಚು ಹಿಡಿದು ನಿಂತಿದ್ದೆ.

"ಏನಂದ್ರು?"

"'ಪಾಂಡವಪುರದಲ್ಲಿ ನನ್ ಶಿಷ್ಯ ಒಬ್ಬ ಅವ್ನೆ. ಕಿವೀನೂ ಚೆನ್ನಾಗದೆ, ಗೇಜೂ ಮಡಗವ್ನೆ. ಅವ್ನು ಸುಳ್ಳು ಯೋಳಕಿಲ್ಲ, ಅವ್ನ ತಾವ್ಲೇ ಓಗವ್ವ' ಅಂದ್ರು."

ಹಿಂದಿನ ಸೀಟಿನಿಂದ ಯಾರೋ ಹೊತ್ತಾಯಿತು ಎಂದರು. ಅವರು ಕನ್ನಡಿ ಸರಿ ಮಾಡಿಕೊಂಡರು.

"ನಾನು ನಾಗಮಂಗಲದಲ್ಲೇ ಬ್ಯಾರೆಯೋರ ಕೈಲಿ ನೋಡುಸ್ದೆ" ಎಂದು ಕೀ ತಿರುಗಿಸಿದರು. ಇಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು. ನಾಲ್ಕೂ ಸಿಲಿಂಡರ್ ಸಮವಾಗಿ ಓಡುತ್ತಿದ್ದವು.